ನಮ್ಮತ್ತೆ ಕೂತಿದ್ದ ಕುರ್ಚಿ

ನಮ್ಮತ್ತೆ ಕುರ್ಚಿಯ ಮೇಲೆ ಕೂತದ್ದನ್ನು ನಾನು ಮೊದಲು ನೋಡಿದ್ದು ಲೈಬ್ರರಿಯಲ್ಲಿ. ಗುಂಡ್ಲುಪೇಟೆಯ ನಮ್ಮ ಮನೆಯಲ್ಲಿ ಕುರ್ಚಿಗಳಿಗೇನೂ ಬರವಿರಲಿಲ್ಲ. ಪಡಸಾಲೆಯಲ್ಲಿ ಬೆತ್ತದವು, ಜಗಲಿಯಲ್ಲಿ ಕಬ್ಬಿಣದವು, ಅರಿಸಿನದ ವ್ಯಾಪಾರಕ್ಕೆ ಬರುವವರಿಗೆಂದು ಗೋಡೆಗೊರಗಿಸಿದ ಮಡಿಸುವ ಕುರ್ಚಿಗಳು. ಅವುಗಳ ಮೇಲೆ ಮಾವ ಕೂರುತ್ತಿದ್ದರು, ನನ್ನ ಗಂಡ ಕೂರುತ್ತಿದ್ದರು, ಕೇರಳದಿಂದ ಬಂದ ವ್ಯಾಪಾರಿಗಳು ಕೂರುತ್ತಿದ್ದರು, ಒಮ್ಮೊಮ್ಮೆ ಬೆಕ್ಕೂ ಕೂರುತ್ತಿತ್ತು. ಅತ್ತೆ ಕೂತವರಲ್ಲ. ಕೂರಬೇಡ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಕೂರುವಷ್ಟು ಹೊತ್ತು ಅವರನ್ನು ಯಾರೂ ಬಿಟ್ಟಿರಲಿಲ್ಲ, ಅಷ್ಟೆ. ‘ಏ, ನೀರು ತಾ’, ‘ಏ, ಟವಲ್ಲೆಲ್ಲಿ’, ‘ಏ, ಯಾರೋ ಬಂದವ್ರೆ ನೋಡು’. ಮದುವೆಯಾಗಿ ಬಂದ ಹೊಸತರಲ್ಲಿ ನನಗೆ ಅವರ ಹೆಸರೇ ‘ಏ’ ಇರಬೇಕು ಅನ್ನಿಸಿತ್ತು.

ತೊಂಬತ್ತರ ದಶಕದ ಮೊದಲ ವರ್ಷಗಳು ಅವು. ನಾನು ಉಡಿಗಾಲದವಳು, ಚಾಮರಾಜನಗರದಲ್ಲಿ ಬಿ.ಎ. ಮುಗಿಸಿದ್ದೆ. ಹೆಣ್ಣು ನೋಡಲು ಬಂದಾಗ ನಮ್ಮಪ್ಪ ಒಂದೇ ಒಂದು ಮಾತು ಕೇಳಿದ್ದರು, ಹುಡುಗಿಗೆ ಎಂ.ಎ. ಓದುವ ಆಸೆಯಿದೆ, ಓದಿಸಬೇಕು ಎಂದು. ಬಾಯಲ್ಲಿ ಬೋಂಡ ಇದ್ದ ಮಾವ ಓದಲಿ ಬಿಡಿ, ಯಾರು ಬೇಡ ಅಂದವರು ಎಂದುಬಿಟ್ಟರು. ಮದುವೆಯಾದ ಮೇಲೆ ಆ ಮಾತು ಅವರಿಗೆ ನುಂಗಲಾರದ ತುತ್ತಾಯಿತು. ಕೊಟ್ಟ ಮಾತಿಗೆ ತಪ್ಪುವ ಮನುಷ್ಯರಲ್ಲ, ಆದರೆ ಅದನ್ನು ಸಂತೋಷವಾಗಿ ನಡೆಸಿಕೊಡುವವರೂ ಅಲ್ಲ. ಅಂತೂ ಅಂಚೆ ತೆರಪಿನ ಶಿಕ್ಷಣದಲ್ಲಿ ಇತಿಹಾಸ ತೆಗೆದುಕೊಂಡೆ. ಮನೆಗೆ ಪಾಠಗಳು ಅಂಚೆಯಲ್ಲಿ ಬರುತ್ತಿದ್ದವು. ಅರ್ಧ ಅಕ್ಷರ ಅಳಿಸಿಹೋದ, ಒಂದು ಪುಟ ತಲೆಕೆಳಗಾದ ಕಾಗದದ ಕಟ್ಟುಗಳು. ಅಷ್ಟನ್ನೇ ನಂಬಿಕೊಂಡು ಪರೀಕ್ಷೆಗೆ ಕೂತರೆ ಫೇಲಾಗುವುದು ಗ್ಯಾರಂಟಿ ಎಂದು ಎರಡು ಪಾಠ ಓದುವಷ್ಟರಲ್ಲೇ ತಿಳಿಯಿತು.

ಚಾಮರಾಜನಗರ ಆಗಿನ್ನೂ ಜಿಲ್ಲೆಯಾಗಿರಲಿಲ್ಲ. ಅಲ್ಲೊಂದು ಕಾಲೇಜಿನ ಹಿಂಬದಿಯಲ್ಲಿ ಎರಡು ಕೋಣೆ ಪಡೆದು ವಿಶ್ವವಿದ್ಯಾಲಯದವರು ನಮ್ಮಂಥವರಿಗಾಗಿ ಲೈಬ್ರರಿ ಮಾಡಿದ್ದರು. ಒಂದು ಕೋಣೆಯಲ್ಲಿ ಪುಸ್ತಕ, ಇನ್ನೊಂದರಲ್ಲಿ ಓದುವ ಮೇಜು. ಓದುವವರೆಲ್ಲ ಮೇಷ್ಟರುಗಳು, ಗುಮಾಸ್ತರು. ವಾರವೆಲ್ಲ ಕೆಲಸ ಮಾಡಿ ಶನಿವಾರ ಬರುವವರು. ದೊಡ್ಡ ಪುಸ್ತಕಗಳನ್ನು ಮನೆಗೆ ಕೊಡುತ್ತಿರಲಿಲ್ಲ, ಅಲ್ಲೇ ಕೂತು ಓದಿ ಬರೆದುಕೊಳ್ಳಬೇಕು. ಹಾಗಾಗಿ ನಾನು ಶನಿವಾರ ಶನಿವಾರ ಹೋಗಲೇಬೇಕಿತ್ತು.

ಮನೆಯ ಸೊಸೆ ಒಬ್ಬಳೇ ಬಸ್ಸು ಹತ್ತಿ ಇನ್ನೊಂದೂರಿಗೆ ಹೋಗುವುದು ಮಾವನಿಗೆ ಒಪ್ಪಿಗೆಯಾಗಲಿಲ್ಲ. ನನ್ನ ಗಂಡ ಅಂಗಡಿ ಬಿಟ್ಟು ಬರುವ ಹಾಗಿರಲಿಲ್ಲ. ಮಾವ ಎಲೆಯಡಿಕೆ ಜಗಿಯುತ್ತ ಸ್ವಲ್ಪ ಹೊತ್ತು ಯೋಚಿಸಿ, ನಿಮ್ಮತ್ತೆ ಜೊತೆಗೆ ಬರುತ್ತಾಳೆ ಎಂದು ತೀರ್ಮಾನ ಕೊಟ್ಟರು. ಅತ್ತೆ ಅಲ್ಲೇ ಬಾಗಿಲ ಮರೆಯಲ್ಲಿ ನಿಂತಿದ್ದರು. ಅವರನ್ನೊಂದು ಮಾತು ಕೇಳುವ ಪದ್ಧತಿ ನಮ್ಮನೆಯಲ್ಲಿ ಇರಲಿಲ್ಲ.

ಮೊದಲ ಶನಿವಾರ ಕೋಳಿ ಕೂಗುವ ಮೊದಲೇ ಎದ್ದು ನಾವಿಬ್ಬರೂ ಮಧ್ಯಾಹ್ನದ ಅಡುಗೆಯನ್ನೂ ಮಾಡಿಟ್ಟು, ತೆರಕಣಾಂಬಿ ಮೇಲೆ ಹೋಗುವ ಬಸ್ಸು ಹಿಡಿದೆವು. ಲೈಬ್ರರಿಯ ಬಾಗಿಲಲ್ಲಿ ಅತ್ತೆ ಚಪ್ಪಲಿ ಬಿಟ್ಟರು. ನಾನು ಬೇಕಿಲ್ಲ ಅಂದರೂ ಕೇಳಲಿಲ್ಲ. ಸೆರಗು ಹೊದ್ದು ಒಳಗೆ ಬಂದವರು ಗೋಡೆ ಪಕ್ಕ ನೆಲದ ಮೇಲೆ ಕೂತೇಬಿಟ್ಟರು. ಅಲ್ಲಿನ ಲೈಬ್ರೇರಿಯನ್ ಒಬ್ಬ ನಡುವಯಸ್ಸಿನ ಸಣಕಲು ಮನುಷ್ಯ. ಇನ್ನೂ ಕೆಲಸ ಖಾಯಂ ಆಗಿರಲಿಲ್ಲ. ಪಿಸುಮಾತು ಎಷ್ಟು ರೂಢಿಯಾಗಿತ್ತೆಂದರೆ ಹೊರಗೆ ಟೀ ಅಂಗಡಿಯಲ್ಲೂ ಪಿಸುಗುಡುತ್ತಲೇ ಟೀ ಕೇಳುತ್ತಿದ್ದರು. ಓದಲು ಬಾರದವರೊಬ್ಬರು ಓದುವ ಕೋಣೆಗೆ ಬಂದು ನೆಲದ ಮೇಲೆ ಕೂತರೆ ಏನು ಮಾಡಬೇಕೆಂದು ಅವರ ನಿಯಮಗಳಲ್ಲಿ ಎಲ್ಲೂ ಬರೆದಿರಲಿಲ್ಲವೇನೋ, ಸ್ವಲ್ಪ ಹೊತ್ತು ತಲೆ ಕೆರೆದುಕೊಂಡರು.

“ಅಮ್ಮ, ಇಲ್ಲಿ ನೆಲದ ಮೇಲೆ ಕೂರಂಗಿಲ್ಲ. ಕುರ್ಚಿ ಮೇಲೆ ಕೂತ್ಕೊಳ್ಳಿ,” ಅಂದರು ಕೊನೆಗೆ.

ಅತ್ತೆ ನನ್ನ ಮುಖ ನೋಡಿದರು. ನಾನು ಕಿಟಕಿ ಪಕ್ಕದ ಕುರ್ಚಿ ಎಳೆದುಕೊಟ್ಟೆ. ಅಂಚಿಗೆ, ಈಗಲೋ ಆಗಲೋ ಏಳಬೇಕಾದವರಂತೆ ಕೂತರು. ನಾನು ಬರೆಯುತ್ತ ಬರೆಯುತ್ತ ಒಮ್ಮೆ ತಲೆಯೆತ್ತಿದಾಗ ಬೆನ್ನು ಒರಗಿಸಿದ್ದರು. ಇನ್ನೊಮ್ಮೆ ನೋಡಿದಾಗ ಕಾಲನ್ನೂ ಮೇಲೆ ಮಡಿಸಿಕೊಂಡು, ತಿರುಗುವ ಫ್ಯಾನನ್ನೇ ನೋಡುತ್ತಿದ್ದರು. ಎರಡೂ ಕೈ ಮಡಿಲಲ್ಲಿ ಖಾಲಿ ಬಿದ್ದಿದ್ದವು. ಕೆಲಸವಿಲ್ಲದ ಅವರ ಕೈಗಳನ್ನು ನಾನು ಅಲ್ಲಿಯ ತನಕ ಕಂಡಿರಲಿಲ್ಲ.

ಸಂಜೆ ಬಸ್ಸಿನಲ್ಲಿ ಬೇಜಾರಾಯಿತೇ ಎಂದು ಕೇಳಿದೆ. ಅವರು ಕಿಟಕಿಯಾಚೆ ಸೂರ್ಯಕಾಂತಿ ಹೊಲ ನೋಡುತ್ತಿದ್ದರು. ತೆರಕಣಾಂಬಿ ದಾಟಿದ ಮೇಲೆ ಬಾಯಿಬಿಟ್ಟರು.

“ಇವತ್ತು ಒಬ್ರೂ ನನ್ನ ಕೂಗ್ನಿಲ್ಲ ಕಣಮ್ಮಿ.”

ಅವರು ಅದನ್ನು ದುಃಖದಿಂದ ಹೇಳಲಿಲ್ಲ. ಏನೋ ಅಪರೂಪದ ತಿಂಡಿ ತಿಂದವರು ಅದರ ರುಚಿ ಹೇಳುವ ಹಾಗೆ ಹೇಳಿದರು. ಅವತ್ತಿನಿಂದ ಶನಿವಾರ ನನಗಿಂತ ಅವರದಾಯಿತು. ನನಗೆ ಜ್ವರ ಬಂದರೂ ಅವರು ಶುಂಠಿ ಕಷಾಯ ಕುಡಿಸಿ ಬಸ್ಸಿಗೆ ಹೊರಡಿಸುತ್ತಿದ್ದರು. ಶ್ರಾವಣದ ಶನಿವಾರಗಳಲ್ಲಿ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗುವವರ ನೂಕುನುಗ್ಗಲು. ಬಸ್‌ಸ್ಟ್ಯಾಂಡಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅದರೊಳಗೇ ಮೊಣಕೈಯಲ್ಲಿ ದಾರಿ ಮಾಡಿಕೊಂಡು ನುಗ್ಗುತ್ತಿದ್ದರು. ಬೆಟ್ಟಕ್ಕೆ ಒಂದು ಸಲ ಹೋಗಿಬರೋಣ ಅತ್ತೆಮ್ಮ ಅಂದರೆ, ದೇವರು ಅಲ್ಲೇ ಇರುತ್ತಾನೆ, ನಿನ್ನ ಓದು ಕಾಯುವುದಿಲ್ಲ ಅನ್ನುತ್ತಿದ್ದರು. ಓದಿನ ಮೇಲೆ ಅವರಿಗೆ ಅಷ್ಟು ಭಕ್ತಿ ಎಂದು ಮನೆಯವರು ತಿಳಿದಿದ್ದರು. ನನಗೆ ನಿಜ ಗೊತ್ತಿತ್ತು.

ಲೈಬ್ರರಿಯ ಕಾಯಿದೆಗಳನ್ನೆಲ್ಲ ಅವರು ನನಗಿಂತ ಚೆನ್ನಾಗಿ ಪಾಲಿಸಿದರು. ಚೀಲ ಕೌಂಟರಿನಲ್ಲಿ ಕೊಟ್ಟು ಬಿಲ್ಲೆ ತೆಗೆದುಕೊಂಡು ಸೆರಗಿನ ತುದಿಗೆ ಗಂಟು ಹಾಕುತ್ತಿದ್ದರು. ಎಲೆಯಡಿಕೆ ಇಲ್ಲದೆ ಒಂದು ಗಳಿಗೆ ಇರದವರು ಅಲ್ಲಿ ಇರುವಷ್ಟು ಹೊತ್ತೂ ಬಾಯಿ ಒಣಗಿಸಿಕೊಂಡಿರುತ್ತಿದ್ದರು. ಮೇಷ್ಟರಿಬ್ಬರು ಸಂಬಳದ ವಿಷಯ ಗುಸುಗುಸು ಮಾತಾಡಿದರೆ ಅವರ ಕಡೆ ಹೀಗೊಂದು ನೋಟ ಬಿಡುತ್ತಿದ್ದರು, ಅವರು ತೆಪ್ಪಗಾಗಬೇಕು. ಲೈಬ್ರೇರಿಯನ್‌ಗೆ ಇದು ಬಹಳ ಹಿಡಿಸಿತು. ಚಿತ್ರಗಳಿರುವ ವಾರಪತ್ರಿಕೆಯನ್ನು ತಾವೇ ತಂದು ಅತ್ತೆಯ ಮುಂದಿಡುತ್ತಿದ್ದರು. ಅವರು ಒಂದೊಂದೇ ಹಾಳೆ ತಿರುವಿ, ಕೊನೆಯ ಪುಟ ಮುಗಿದ ಮೇಲೆ ಕಣ್ಣಿಗೊತ್ತಿಕೊಂಡು ಮಡಿಸಿಡುವರು.

ಒಂದು ದಿನ ಇದು ಎಷ್ಟು ವರ್ಷದ ಓದು ಎಂದು ಕೇಳಿದರು. ಎರಡು ವರ್ಷ ಎಂದೆ. “ಅಷ್ಟೇಯಾ?” ಅಂದರು. ಪರೀಕ್ಷೆ ಹತ್ತಿರ ಬಂದಷ್ಟೂ ನನಗೆ ಭಯ. ಅವರಿಗೂ ಭಯ, ಆದರೆ ಅದು ಬೇರೆ ಭಯ. ನಾನು ಪಾಸಾದ ದಿನ ಅವರ ಕುರ್ಚಿ ಹೋಗುತ್ತದೆ. ಇದು ನಮ್ಮಿಬ್ಬರಿಗೂ ಗೊತ್ತಿತ್ತು, ಇಬ್ಬರೂ ಬಾಯಿಬಿಟ್ಟು ಹೇಳಿಕೊಂಡಿರಲಿಲ್ಲ.

ಎರಡನೆಯ ವರ್ಷ ನನಗೆ ಶಾಸನಗಳ ಪತ್ರಿಕೆ ಇತ್ತು. ಅದಕ್ಕೆ ಬೇಕಾದ ಪುಸ್ತಕ ಒಂದೇ ಒಂದು ಪ್ರತಿ, ನಮ್ಮ ಸೀಮೆಯ ಶಾಸನಗಳನ್ನೆಲ್ಲ ಒಟ್ಟು ಹಾಕಿದ ದಪ್ಪ ಹಳೆಯ ಸಂಪುಟ. ಹಾಳೆಗಳು ಹಪ್ಪಳದಂತಾಗಿದ್ದವು. ಅದನ್ನು ತಿರುವುತ್ತಿದ್ದಾಗ ಉಮ್ಮತ್ತೂರಿನ ಶಾಸನ ಸಿಕ್ಕಿತು. ಅತ್ತೆಯ ತವರು ಉಮ್ಮತ್ತೂರು. ತಮಾಷೆಗೆಂದು ಅವರ ಕಿವಿಯ ಹತ್ತಿರ ಬಗ್ಗಿ, ನಿಮ್ಮೂರಿನ ಹೆಸರು ಇದರಲ್ಲಿದೆ ಎಂದೆ. ಅವರು ನಂಬಲಿಲ್ಲ. ಅಕ್ಷರದ ಮೇಲೆ ಬೆರಳಿಟ್ಟು ತೋರಿಸಿದೆ. ಅವರು ತಮ್ಮ ಬೆರಳನ್ನು ಸೀರೆಗೆ ಚೆನ್ನಾಗಿ ಒರೆಸಿಕೊಂಡು, ಆ ಅಕ್ಷರಗಳನ್ನು ಮುಟ್ಟಿದರು. ಮದುವೆಯಾಗಿ ಬಂದ ಮೇಲೆ ತವರಿಗೆ ಅವರು ಹೋದದ್ದೇ ಅಪರೂಪ. ಆ ಪುಟದಲ್ಲಿ ನಾನು ಬಸ್ ಟಿಕೆಟ್ಟೊಂದನ್ನು ಗುರುತಿಗೆ ಇಟ್ಟೆ. ಆಮೇಲೆ ಪ್ರತಿ ಶನಿವಾರ ಆ ಪುಸ್ತಕ ಬಂದ ಕೂಡಲೇ, ‘ನಮ್ಮೂರು ಎಲ್ಲದ?’ ಎಂದು ಒಂದು ಸಲ ನೋಡಿಯೇ ಅವರು ಕುರ್ಚಿಗೆ ಒರಗುತ್ತಿದ್ದುದು.

ದಸರಾ ರಜ ಬಂತು. ಲೈಬ್ರರಿ ಮುಚ್ಚುತ್ತದೆ. ನಾನು ಕಂಗಾಲಾದೆ, ಶಾಸನಗಳಲ್ಲಿ ಇನ್ನೂ ಅರ್ಧ ಬರೆದುಕೊಳ್ಳುವುದು ಬಾಕಿ ಇತ್ತು. ಲೈಬ್ರೇರಿಯನ್ ಅತ್ತಿತ್ತ ನೋಡಿ, ಹೇಗೂ ಬಾಗಿಲು ಹಾಕುತ್ತೇವಲ್ಲ, ರಜ ಮುಗಿದ ಶನಿವಾರ ಮರೆಯದೆ ತಂದುಕೊಡಿ ಎಂದು ಆ ಸಂಪುಟವನ್ನು ನನ್ನ ಚೀಲಕ್ಕೆ ತಾವೇ ಹಾಕಿದರು. ಕೊಡಬಾರದ ಪುಸ್ತಕ ಅದು. ಅತ್ತೆಯ ಮೇಲಿನ ಮರ್ಯಾದೆಯಿಂದಲೇ ಅದು ನನಗೆ ಸಿಕ್ಕಿದ್ದು ಎಂದು ಈಗಲೂ ನನ್ನ ನಂಬಿಕೆ.

ಮನೆಯಲ್ಲಿ ಕೂತು ಬೇಕಾದ್ದನ್ನೆಲ್ಲ ಬರೆದುಕೊಂಡೆ. ಹಬ್ಬಕ್ಕೆ ತವರಿನಿಂದ ಕರೆ ಬಂತು. ಬಸ್ಸಿನ ನೂಕಾಟದಲ್ಲಿ ಪುಸ್ತಕಕ್ಕೆ ಏನಾದರೂ ಆದೀತೆಂದು ಬೀರುವಿನಲ್ಲಿಟ್ಟು, ಜೋಪಾನ ಅತ್ತೆಮ್ಮ ಎಂದು ಹೇಳಿ ಉಡಿಗಾಲಕ್ಕೆ ಹೋದೆ. ವಾಪಸು ಬಂದದ್ದು ಶುಕ್ರವಾರ ರಾತ್ರಿ. ಪುಸ್ತಕ ಕೇಳಿದರೆ ಅತ್ತೆ, ಕಟ್ಟಿಟ್ಟಿದ್ದೀನಿ, ನೀನು ಮಲಗು ಎಂದರು. ಬೆಳಿಗ್ಗೆ ನೋಡಿದರೆ ಅದನ್ನು ತಮ್ಮ ಹಳೆಯ ರೇಷ್ಮೆ ರವಿಕೆಯ ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿ ಹೊತ್ತುಕೊಂಡು ಹೊರಟಿದ್ದರು. ದಾರಿಯುದ್ದಕ್ಕೂ ನನ್ನ ಕೈಗೆ ಕೊಡಲಿಲ್ಲ. ಮುಖದಲ್ಲಿ ಏನೋ ಒಂದು ಗುಟ್ಟಿನ ಖುಷಿ. ನಾನು ಕೆದಕಲಿಲ್ಲ.

ಕೌಂಟರಿನ ಮೇಲೆ ಅವರೇ ಬಟ್ಟೆ ಬಿಚ್ಚಿದರು.

“ಪೂಜ ಮಾಡಿವ್ನಿ ಸ್ವಾಮಿ,” ಅಂದರು.

ನಮ್ಮ ಮನೆಯಲ್ಲಿ ಆಯುಧ ಪೂಜೆಗೆ ತಕ್ಕಡಿ, ತೂಕದ ಬಟ್ಟು, ಅಂಗಡಿಯ ಬೀಗದಕೈ ಎಲ್ಲ ಇಟ್ಟು ಪೂಜಿಸುತ್ತಾರೆ. ಪುಸ್ತಕಗಳನ್ನೂ ಇಡುತ್ತಾರೆ. ಇಟ್ಟ ಪುಸ್ತಕವನ್ನು ವಿಜಯದಶಮಿ ಕಳೆಯುವವರೆಗೆ ಯಾರೂ ಅಲುಗಿಸಬಾರದು. ಆ ವರ್ಷ ಅತ್ತೆ ಶಾಸನದ ಸಂಪುಟವನ್ನೇ ಮಣೆಯ ಮೇಲೆ ಇಟ್ಟಿದ್ದರು. ಮುಚ್ಚಿಯೂ ಇಟ್ಟಿರಲಿಲ್ಲ. ಬಸ್ ಟಿಕೆಟ್ ಇದ್ದ ಪುಟ ಹುಡುಕಿ, ತವರೂರಿನ ಹೆಸರಿದ್ದ ಕಡೆ ಬಿಡಿಸಿ ಇಟ್ಟು, ಅದರ ನೆತ್ತಿಗೆ ವಿಭೂತಿ ಬಳಿದು, ಅರಿಸಿನ ಕುಂಕುಮ ಕಲಸಿ ಹಚ್ಚಿ, ಚೆಂಡುಹೂವಿನ ಎಸಳು ಏರಿಸಿದ್ದರು. ಪಕ್ಕದಲ್ಲಿ ಉರಿಯುತ್ತಿದ್ದ ದೀಪದ ಎಣ್ಣೆ ಯಾವಾಗ ಸೋರಿತೋ, ಮುಟ್ಟಬಾರದಲ್ಲ, ಯಾರೂ ನೋಡಿರಲಿಲ್ಲ. ಎಣ್ಣೆ ಆ ಪುಟವನ್ನು ದಾಟಿ ಕೆಳಗಿನ ಹಾಳೆಗಳಿಗೆಲ್ಲ ಇಳಿದಿತ್ತು. ಪೂಜೆಯ ಗುರುತೆಂದು ಅತ್ತೆ ಅದನ್ನು ಒರೆಸದೆ ಹಾಗೇ ಮುಚ್ಚಿ ಸುತ್ತಿದ್ದರು. ಉಮ್ಮತ್ತೂರು ಇದ್ದ ಜಾಗದಲ್ಲಿ ಕೆಂಪು ಕೆಸರು.

ಲೈಬ್ರೇರಿಯನ್ ಜೇಬಿನ ಕರ್ಚೀಫು ತೆಗೆದು ಮೆಲ್ಲಗೆ ಒರೆಸಿದರು. ಕುಂಕುಮ ಇನ್ನಷ್ಟು ಹರಡಿತು, ಹಾಳೆಯ ಚೂರು ಕರ್ಚೀಫಿಗೆ ಅಂಟಿಕೊಂಡು ಬಂತು. ಅತ್ತೆಯ ಮುಖದಲ್ಲಿ ನಗು ಇನ್ನೂ ಇತ್ತು. ಒಳ್ಳೆಯ ಮಾತು ಬರುತ್ತದೆ ಎಂದು ಕಾದಿದ್ದರು. ಲೈಬ್ರೇರಿಯನ್ ಮುಖ ನೋಡಿ, ಆಮೇಲೆ ನನ್ನ ಮುಖ ನೋಡಿ, ನಗು ಮೆಲ್ಲಗೆ ಆರಿಹೋಯಿತು. ಒರೆಸಿದರೆ ಹೋಗುತ್ತದೆ ಅಲ್ಲವಾ ಎಂದು ನನ್ನನ್ನು ಕೇಳಿದರು. ನನಗೆ ಸಿಟ್ಟು ನೆತ್ತಿಗೇರಿತ್ತು, ಆದರೆ ಬಯ್ಯಲು ಬಾಯಿ ಬರಲಿಲ್ಲ. ದೇವರ ಮುಂದೆ ಇಡುವಷ್ಟು ದೊಡ್ಡ ವಸ್ತು ತಮ್ಮ ಬದುಕಿನಲ್ಲಿ ಅದೊಂದೇ ಎಂದುಕೊಂಡವರನ್ನು ಏನೆಂದು ಬಯ್ಯುವುದು?

ವಿಷಯ ಮೇಲಿನವರಿಗೆ ಹೋಗದೆ ಇರಲಿಲ್ಲ. ಕೊಡಬಾರದ ಪುಸ್ತಕ ಕೊಟ್ಟದ್ದಕ್ಕೆ ಲೈಬ್ರೇರಿಯನ್‌ಗೆ ಎಲ್ಲರೆದುರು ಉಗಿದರಂತೆ. ಮುಂದಿನ ಶನಿವಾರ ನಾವು ಹೋದಾಗ ಅವರು ಬಾಗಿಲಲ್ಲೇ ನಿಂತಿದ್ದರು. ನನ್ನ ಕಾರ್ಡಿಗೆ ತೊಂದರೆಯಾಗದಂತೆ ಕೈಮುಗಿದು ಹೇಳಿಕೊಂಡಿದ್ದರು. ಆದರೆ ಇನ್ನು ಮೇಲೆ ಕಾರ್ಡಿಲ್ಲದವರನ್ನು ಒಳಗೆ ಬಿಡುವಂತಿಲ್ಲ ಎಂದು ಆರ್ಡರಾಗಿತ್ತು. ಅದನ್ನು ಹೇಳುವಾಗ ಅವರು ಅತ್ತೆಯ ಕಡೆ ನೋಡಲಿಲ್ಲ. ಗೋಡೆಯ ಕಡೆ ನೋಡಿಕೊಂಡು, ನನಗೂ ಮಕ್ಕಳಿವೆ ಅಮ್ಮ, ಅಂದರು. ಎಂದಿನ ಹಾಗೆ ಪಿಸುಮಾತಿನಲ್ಲೇ.

ಅತ್ತೆ ಬಿಟ್ಟಿದ್ದ ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡರು. ಅವತ್ತು ನಾನು ಒಳಗೆ ಓದಿದೆ, ಅವರು ಹೊರಗೆ ಹೊಂಗೆ ಮರದಡಿ ಕೂತಿದ್ದರು. ಓದಿದೆ ಅನ್ನುವುದು ಸುಳ್ಳು, ಒಂದಕ್ಷರ ತಲೆಗೆ ಹತ್ತಲಿಲ್ಲ. ಕಾಲೇಜಿನ ಹುಡುಗರು ಬಂದು ಯಾರನ್ನು ನೋಡಬೇಕು ಅಜ್ಜಿ ಎಂದು ಕೇಳುತ್ತಿದ್ದರಂತೆ. ಒಬ್ಬ ಅವರ ಕೈಗೆ ಚಿಲ್ಲರೆ ಹಾಕಲೂ ಬಂದನಂತೆ. ಅದನ್ನು ಅವರೇ ಬಸ್ಸಿನಲ್ಲಿ ನಕ್ಕುಕೊಂಡು ಹೇಳಿದರು. ನಾನು ನಗಲಿಲ್ಲ.

ಆ ರಾತ್ರಿ ಊಟಕ್ಕೆ ಬಡಿಸುವಾಗ ಅವರೇ ಮಾವನ ಹತ್ತಿರ ಮಾತು ತೆಗೆದರು. ನಾನು ಆ ಮನೆಗೆ ಬಂದಮೇಲೆ ಅವರಾಗಿಯೇ ಮಾತು ತೆಗೆದದ್ದು ಅದೇ ಮೊದಲು. ತಮಗೆ ಮಂಡಿನೋವು, ಬಸ್ಸಿನ ಕುಲುಕಾಟ ಆಗುವುದಿಲ್ಲ, ಶನಿವಾರ ಗಂಡಸರು ಬೆಳಗಿನ ತಂಗಳನ್ನು ಉಣ್ಣುವುದು ತಮಗೆ ಸರಿಕಾಣುವುದಿಲ್ಲ ಎಂದರು. ಪುಸ್ತಕದ ಸುದ್ದಿ ಎತ್ತಲಿಲ್ಲ. ಸೊಸೆ ಒಬ್ಬಳೇ ಹೋಗುವುದೇ ಎಂದು ಮಾವ ಮುಖ ಗಂಟಿಕ್ಕಿದರು.

“ನಾನು ಮನೇಲಿ ಬಿಸಿಬಿಸಿಯಾಗಿ ಮಾಡ್ಕಂಡಿರ್ತೀನಿ. ಅವಳ ಓಗಕ ಬುಡಿ. ಇಲ್ದಿದ್ರ ಇಬ್ರೂ ಓಯ್ತೀವಿ, ನೀವು ತಣ್ಣಗಿರದ ಉಣ್ಣಿ.”

ಮಾವ ಅನ್ನ ಕಲಸುತ್ತ ಬಿಸಿ ಊಟದ ಕಡೆ ವಾಲಿದರು. ಹೀಗೆ ನನಗೆ ಒಬ್ಬಳೇ ಬಸ್ಸು ಹತ್ತುವ ಸ್ವಾತಂತ್ರ್ಯ ಸಿಕ್ಕಿತು. ಕುರ್ಚಿ ಹೇಗೂ ಹೋಗಿತ್ತು. ಅತ್ತೆ ಹೊಂಗೆ ಮರದ ನೆರಳನ್ನೂ, ಎರಡು ಹೊತ್ತಿನ ಬಸ್ಸಿನ ಕಿಟಕಿಯನ್ನೂ ಕೊಟ್ಟು ಆ ಸ್ವಾತಂತ್ರ್ಯವನ್ನು ನನಗೆ ತೆಗೆದುಕೊಟ್ಟರು. ಮಾರನೆಯ ದಿನದಿಂದ ಮನೆಯಲ್ಲಿ ಎಂದಿನ ಹಾಗೆ ‘ಏ’, ‘ಏ’.

ಆಮೇಲಿನ ಶನಿವಾರಗಳು ನನಗೆ ನೆನಪಿಗೂ ಬೇಡ. ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಯಾರೋ ಕೂತಿರುತ್ತಿದ್ದರು. ಲೈಬ್ರೇರಿಯನ್ ವಾರಪತ್ರಿಕೆಯನ್ನು ನನ್ನ ಮೇಜಿಗೆ ತರಲು ಅರ್ಧ ಎದ್ದು, ಮತ್ತೆ ಕೂರುತ್ತಿದ್ದರು. ಮನೆಗೆ ಬಂದರೆ ಅತ್ತೆ ಕಾಫಿ ಕೊಡುತ್ತ ಒಂದೇ ಮಾತು ಕೇಳುತ್ತಿದ್ದರು, ಆ ಕುರ್ಚಿಯಲ್ಲಿ ಇವತ್ತು ಯಾರು ಕೂತಿದ್ದರು ಎಂದು. ಮೊದಮೊದಲು ಇದ್ದದ್ದನ್ನೇ ಹೇಳುತ್ತಿದ್ದೆ, ಯಾರೂ ಕೂತಿರಲಿಲ್ಲ ಎಂದು. ಖಾಲಿ ಬಿದ್ದಿತ್ತು ಎಂದು ಕೇಳಿದರೆ ಅವರ ಮುಖ ಇನ್ನೂ ಬಾಡುತ್ತಿತ್ತು. ಕೊಳ್ಳೇಗಾಲದ ಕಡೆಯ ಮೇಷ್ಟರೊಬ್ಬರು ಕೂತಿದ್ದರು ಎಂದು ಸುಳ್ಳು ಹೇಳತೊಡಗಿದೆ. ಆಗ ಹೌದೇ ಎಂದು ಸಮಾಧಾನಗೊಳ್ಳುತ್ತಿದ್ದರು.

ಪಾಸಾದೆ. ಮಾವ ಕೇರಿಗೆಲ್ಲ ಸಿಹಿ ಹಂಚಿ, ನಮ್ಮ ಸೊಸೆ ಎಂ.ಎ. ಎಂದು ತಾವೇ ಓದಿಸಿದವರಂತೆ ಹೇಳಿಕೊಂಡು ಬಂದರು. ಗುಂಡ್ಲುಪೇಟೆಯಲ್ಲೇ ನನಗೆ ಪಾಠ ಹೇಳುವ ಕೆಲಸವೂ ಸಿಕ್ಕಿತು. ಅಡುಗೆಯ ಪೂರ್ತಿ ಭಾರ ಅತ್ತೆಯ ತಲೆಗೆ ಬಂತು. ಇದನ್ನು ಯೋಚಿಸಿದರೆ ಈಗಲೂ ಮೈ ಉರಿಯುತ್ತದೆ. ನನ್ನ ಓದಿನಿಂದ ಅವರಿಗೆ ಕೊನೆಗೆ ಸಿಕ್ಕಿದ್ದು ಇನ್ನೊಂದಿಷ್ಟು ಪಾತ್ರೆ.

ಚಾಮರಾಜನಗರ ಜಿಲ್ಲೆಯಾದ ಮೇಲೆ, ಅತ್ತೆಯ ಕಣ್ಣಿಗೆ ಪೊರೆ ಬಂದು ಅಲ್ಲೇ ಆಪರೇಷನ್ ಮಾಡಿಸಿದೆವು. ಮತ್ತೆ ತೋರಿಸಲು ಹೋದ ದಿನ ಬಸ್ಸಿಗೆ ತುಂಬ ಹೊತ್ತಿತ್ತು. ಬನ್ನಿ ಅತ್ತೆಮ್ಮ ಎಂದು ಅವರನ್ನು ಲೈಬ್ರರಿಗೆ ಕರೆದುಕೊಂಡು ಹೋದೆ. ಎಲ್ಲಿಗೆ ಎಂದು ಹೇಳಿರಲಿಲ್ಲ. ಹಳೆಯ ಲೈಬ್ರೇರಿಯನ್ ಬೇರೆ ಊರಿಗೆ ಹೋಗಿದ್ದರು. ಅವರ ಜಾಗದಲ್ಲಿ ಒಬ್ಬಳು ನಗುಮುಖದ ಹುಡುಗಿ ಇದ್ದಳು. ಕಾರ್ಡಿನ ಮಾತೇ ಎತ್ತಲಿಲ್ಲ. ಬನ್ನಿ ಅಮ್ಮ, ಎಲ್ಲಿ ಬೇಕಾದರೂ ಕೂತ್ಕೊಳ್ಳಿ ಎಂದಳು. ಒಳಗೆ ಒಂದು ನರಪಿಳ್ಳೆಯೂ ಇರಲಿಲ್ಲ.

ಅತ್ತೆ ಹೊಸ್ತಿಲ ಹತ್ತಿರ ನಿಂತರು. ಕಪ್ಪು ಕನ್ನಡಕದೊಳಗೆ ಅವರ ಕಣ್ಣು ನನಗೆ ಕಾಣಲಿಲ್ಲ. ಕೈಹಿಡಿದು ಎಳೆದೆ. ಕಂಬ ಹಿಡಿದುಕೊಂಡರು.

“ನೀನು ಓಗಿ ಬಾ ಮಗ. ನಾನು ಬಂದ್ರ ಏನಾರ ಕೆಡ್ಸಿಬುಡ್ತೀನಿ.”

ಏನೂ ಆಗುವುದಿಲ್ಲ ಎಂದೆ. ಅದನ್ನೆಲ್ಲ ಈಗ ಯಾರೂ ನೆನಪಿಟ್ಟುಕೊಂಡಿಲ್ಲ ಎಂದೆ. ಅಷ್ಟು ವರ್ಷ ಆ ಪುಸ್ತಕದ ಮಾತನ್ನು ಅವರು ಒಂದು ಸಲವೂ ಎತ್ತಿರಲಿಲ್ಲ. ಮರೆತಿದ್ದಾರೆಂದೇ ನಾನು ತಿಳಿದಿದ್ದೆ. ಹುಡುಗಿಗೆ ಏನು ಅರ್ಥವಾಯಿತೋ, ಪಾಪ, ಒಳಗಿನಿಂದ ಒಂದು ಕುರ್ಚಿ ಎತ್ತಿಕೊಂಡು ಬಂದು ವೆರಾಂಡದಲ್ಲಿ ಇಟ್ಟು, ಇಲ್ಲೇ ಕೂತ್ಕೊಳ್ಳಿ ಅಜ್ಜಿ ಎಂದಳು. ಅತ್ತೆ ಅವಳಿಗೆ ಕೈಮುಗಿದರು. ಆಮೇಲೆ ಆಸ್ಪತ್ರೆಯ ಔಷಧಿಯ ಚೀಲವನ್ನು ಆ ಕುರ್ಚಿಯ ಮೇಲಿಟ್ಟು, ತಾವು ಅದರ ಪಕ್ಕದಲ್ಲಿ ನೆಲದ ಮೇಲೆ ಕೂತರು.